ಬಾಗಿಲ ಹೊರಗೆ ನಿಂತ ಟೀಚರು

ಗೆಳತಿಯರೇ, ಗುಜರಾತ್ ರಾಜ್ಯವಾಗಿ ನಾಲ್ಕು ವರ್ಷವಾಯಿತು. ನನ್ನ ತರಗತಿಯ ರಾಜ್ಯಭಾರ ಮಾತ್ರ ಇವತ್ತು ನಾಲ್ಕನೇ ದಿನಕ್ಕೇ ಮುಗಿಯಿತು.

ರೈಲ್ವೆಯವರು ನಮ್ಮ ಯಜಮಾನರನ್ನು ಧಾರವಾಡದಿಂದ ಬರೋಡಾಕ್ಕೆ ವರ್ಗ ಮಾಡಿ ಮೂರು ವರ್ಷವಾಯಿತು; ಈ ವಾರದಿಂದ ನಾನು ಇಲ್ಲಿಯ ಹುಡುಗಿಯರ ಹೈಸ್ಕೂಲಿನಲ್ಲಿ ಜಗತ್ತಿನ ಇತಿಹಾಸ ಕಲಿಸುತ್ತಿದ್ದೇನೆ. ಮೊದಲ ದಿನವೇ ಕರಿಹಲಗೆಯ ಮೇಲೆ ನಿಯಮ ಬರೆದಿದ್ದೆ: ಗಂಟೆ ಹೊಡೆದ ಮೇಲೆ ಬಂದವರು ಹೊರಗೆ ನಿಲ್ಲಬೇಕು. ಅದೇ ತರಗತಿಯಲ್ಲಿರುವ ಮಗಳು ಸುಧಾಳಿಗೆ ಇನ್ನೊಂದು ಹೆಚ್ಚಿನ ನಿಯಮ: ಇಲ್ಲಿ ನಾನು ಅವ್ವ ಅಲ್ಲ. ಇಲ್ಲಿಯವರೆಲ್ಲ ಟೀಚರನ್ನು ಕರೆಯುವಂತೆ ‘ಬೆನ್’ ಅನ್ನಬೇಕು.

ಇವತ್ತು ನಾನೇ ಎರಡು ನಿಮಿಷ ತಡ. ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಸುಧಾ ಎದ್ದು ನಿಂತು ಅಚ್ಚ ಗುಜರಾತಿಯಲ್ಲಿ ಕೇಳಿದಳು: “ಬೆನ್, ಕಾನೂನು ತನಗಲ್ಲ ಅಂದುಕೊಂಡ ರಾಜನ ಮೇಲೆ ಫ್ರಾನ್ಸಿನ ಜನ ದಂಗೆ ಎದ್ದರು ಅಂತ ನಿನ್ನೆ ನೀವೇ ಹೇಳಿದಿರಿ. ಈಗ ನೀವು ಹೊರಗೆ ನಿಲ್ಲಬೇಕಲ್ಲವೇ?”

ನಲವತ್ತು ಹುಡುಗಿಯರು ಹೊಸ್ತಿಲ ಮೇಲಿನ ನನ್ನ ಕಾಲನ್ನೇ ನೋಡಿದರು. ನಾನು ವರಾಂಡದಲ್ಲೇ ನಿಂತು, ಕಿಟಕಿಯ ಸರಳುಗಳ ಆಚೆಯಿಂದ ಪಾಠ ಮುಗಿಸಿದೆ. ಹೆಡ್‌ಮಾಸ್ತರು ಎರಡು ಸಲ ಹಾದುಹೋದರು, ಪುಣ್ಯಕ್ಕೆ ಏನೂ ಕೇಳಲಿಲ್ಲ.

ಊಟದ ಗಂಟೆ ಹೊಡೆದದ್ದೇ ತಡ, ಅದೇ ಮಗಳು ಓಡಿಬಂದಳು.

“ಅವ್ವಾ, ನನ್ನ ಡಬ್ಬಿ ಮನ್ಯಾಗ ಬಿಟ್ಟ ಬಂದೀನಿ!”

“ಇಲ್ಲೆ ಅವ್ವ ಯಾರೂ ಇಲ್ಲ. ಬೆನ್ ಅನ್ನು.”

“ಬೆನ್,” ಅಂದಳು, ನೆಲ ನೋಡುತ್ತ.

ಚೀಲದಿಂದ ಅವಳ ಡಬ್ಬಿ ತೆಗೆದೆ. ಬೆಳಿಗ್ಗೆ ಅವಳು ನನಗಿಂತ ಮೊದಲೇ ಹೊರಟಿದ್ದಳು; ಡಬ್ಬಿ ಮನೆಯಲ್ಲೇ ಉಳಿದದ್ದು ನನಗೆ ಅರ್ಧ ದಾರಿಯಲ್ಲಿ ನೆನಪಾಗಿ ತಿರುಗಿ ಹೋಗಿದ್ದೆ. ತಡವಾದದ್ದು ಅದಕ್ಕೇ. ಮೂರು ಚಪಾತಿಯಲ್ಲಿ ಒಂದನ್ನು ನಾನೇ ಇಟ್ಟುಕೊಂಡು ಉಳಿದದ್ದು ಕೊಟ್ಟೆ.

ರಾಜ್ಯ ಹೋದರೂ ತೆರಿಗೆ ಬಿಡಬಾರದು ನೋಡಿ.