ಎಂಜಲು ಬಟ್ಟಲು

ನಮ್ಮ ಮಹಡಿಯ ಚಾವಣಿಯಲ್ಲಿ ಹೊಗೆಯ ಅಲಾರಮ್ ಒಂದಿದೆ. ಯಾರ ಮನೆಯಲ್ಲಿ ಒಣಮೆಣಸಿನ ಒಗ್ಗರಣೆ ಬಿದ್ದರೂ ಅದು ಕಿರುಚಿಕೊಳ್ಳುತ್ತಿತ್ತು. ಈಗ ಕಿರುಚುವುದಿಲ್ಲ. ಇವತ್ತು ಬೆಳಿಗ್ಗೆ ಎದುರುಮನೆಯ ಒಗ್ಗರಣೆ ಘಾಟಿಗೆ ಸೀನಿ ತಲೆಯೆತ್ತಿದೆ ನೋಡಿ, ಆಗ ಕಾರಣ ಕಂಡಿತು: ಯಾರೋ ಅದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ. ತಮಾಷೆಯೆಂದರೆ, ಪ್ರತಿ ತಿಂಗಳೂ ಕಟ್ಟಡದ ನಿವಾಸಿಗಳ ಸೊಸೈಟಿಯ ರಿಜಿಸ್ಟರಿನಲ್ಲಿ 'ಅಲಾರಮ್ ಸರಿಯಿದೆ' ಎಂದು ಸಹಿ ಹಾಕುವವನು ನಾನೇ. ನವಿ ಮುಂಬೈಯ ಸಾನಪಾಡಾದ ಈ ಕಟ್ಟಡದಲ್ಲಿ ಐದಕ್ಕೆ ಎದ್ದು ಐದೂಮುಕ್ಕಾಲಿಗೆ ವಾಕಿಂಗ್ ಹೊರಡುವವನೂ ನಾನೊಬ್ಬನೇ. ಶಿಸ್ತಿನವನ ಕೈಗೆ ಜನ ರಿಜಿಸ್ಟರ್ ಕೊಡುತ್ತಾರೆ. ಶಿಸ್ತಿನವನು ಗೆರೆ ಎಳೆದು ಸಹಿ ಹಾಕುತ್ತಾನೆ, ತಲೆಯೆತ್ತುವುದಿಲ್ಲ.

ನೌಕರಿಯಲ್ಲೂ ನಾನು ಹೀಗೆಯೇ ಇದ್ದೆ. ಇಲ್ಲಿಯದೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ಆಸ್ಪತ್ರೆಗಳ ರಕ್ತಪರೀಕ್ಷೆಯ ವರದಿ ಮುದ್ರಿಸುವ ಪ್ರೋಗ್ರಾಮಿಗೆ ನಾನು ಮುಖ್ಯಸ್ಥ. ಅದರ ತಪ್ಪು ಹುಡುಕಲು ಒಂದು ಹೊಸ ಸಲಕರಣೆ ತರಿಸಿದ್ದರು. ಅದು ಪ್ರೋಗ್ರಾಮನ್ನು ನಡೆಸಿ ನೋಡುವುದಲ್ಲ, ಓದುವುದು. ಮಳೆಗಾಲಕ್ಕೆ ಮುಂಚೆ ಮನೆ ಸುತ್ತಿ 'ಇಲ್ಲಿ ಸೋರಬಹುದು' ಎನ್ನುವ ಮೇಸ್ತ್ರಿಯ ಹಾಗೆ, ಒಂದೊಂದು ಕವಲು ಹಿಡಿದು ಹೋಗಿ ಎಚ್ಚರಿಕೆ ಬರೆದಿಡುತ್ತದೆ. ಬಹುಪಾಲು ಹುಸಿ. ಹುಸಿಯಾದದ್ದರ ಮುಂದೆ ಕಾರಣವನ್ನೂ ನೋಡಿದವರ ಹೆಸರನ್ನೂ ಬರೆದರೆ ಅದು ಮತ್ತೆ ಬಾಯಿ ತೆರೆಯುವುದಿಲ್ಲ. ಶುಕ್ರವಾರ ಸಂಜೆ ಆರಕ್ಕೆ ಪಟ್ಟಿ ಖಾಲಿ ಇರಬೇಕು ಎಂಬುದು ನಾನು ಮಾಡಿದ ನಿಯಮ. ಖಾಲಿ ಪಟ್ಟಿ ನೋಡಿದರೆ ನನಗೆ ತೊಳೆದಿಟ್ಟ ಅಡುಗೆಮನೆ ನೋಡಿದಷ್ಟು ಸುಖ.

ಪಟ್ಟಿ ನೋಡುವ ಕೆಲಸ ವನಜಾಳದು. ಉಡುಪಿ ಕಡೆಯವಳು, ಠಾಣೆ ಊರಿನ ಪಕ್ಕದ ಕಳವಾ ಎಂಬಲ್ಲಿ ಮನೆ; ತಂದೆ ಠಾಣೆಯ ಒಂದು ಹೋಟೆಲಿನಲ್ಲಿ ಅಡುಗೆಯವರು. ಅವಳ ಡಬ್ಬಿಯ ಬನ್ಸನ್ನು ನಾನೂ ತಿಂದಿದ್ದೇನೆ, ಹನ್ನೆರಡೂವರೆಗೆ ಸರಿಯಾಗಿ. ಒಂದು ಶುಕ್ರವಾರ ಐದೂವರೆಗೆ ನನ್ನ ಮೇಜಿನ ಬಳಿ ಬಂದು ನಿಂತಳು.

"ಸರ್, ಎಲ್ಲ ಮುಗೀತು. ಒಂದು ಮಾತ್ರ ಉಂಟು. ಇದು ಎಂಜಲು ಬಟ್ಟಲು."

"ಎಂತ ಬಟ್ಟಲು?"

"ಪರೀಕ್ಷೆಯ ಅಂಕಿ ಇಡುವ ಜಾಗ ಸರ್. ಲ್ಯಾಬಿನ ಯಂತ್ರದಿಂದ ಅಂಕಿ ಬಾರದಿದ್ದರೆ ಅದನ್ನು ಯಾರೂ ಖಾಲಿ ಮಾಡುದಿಲ್ಲ. ಹಿಂದಿನ ರೋಗಿಯದ್ದು ಹಾಗೇ ಉಳೀತದೆ. ಒಬ್ಬರು ಉಂಡ ಬಟ್ಟಲನ್ನು ತೊಳೆಯದೆ ಇನ್ನೊಬ್ಬರ ಎದುರು ಇಟ್ಟ ಹಾಗೆ. ನಮ್ಮ ಅಪ್ಪ ಕಂಡಿದ್ರೆ ಬಟ್ಟಲನ್ನೇ ಬಿಸಾಡ್ತಿದ್ರು."

"ಯಂತ್ರದಿಂದ ಅಂಕಿ ಬಾರದೆ ಇರುವುದು ಎಂದಾದರೂ ಉಂಟಾ ಮಾರಾಯ್ತಿ? ಹುಸಿ ಅಂತ ಹಾಕು."

ಅವಳು ಹೋಗಿ ಹತ್ತು ನಿಮಿಷಕ್ಕೆ ಮತ್ತೆ ಬಂದಳು. "ಸರ್, ಸೋಮವಾರ ನಾನೇ ಸರಿ ಮಾಡ್ತೇನೆ. ಇದೊಂದು ಇರಲಿ."

"ಒಂದು ಇದ್ದರೆ ಖಾಲಿ ಅಲ್ಲ," ಎಂದೆ. ಆ ವಾಕ್ಯ ನನಗೆ ಆಗ ಬಹಳ ಹಿಡಿಸಿತು. ನಾಲ್ಕು ಜನಕ್ಕೆ ಹೇಳಿಯೂ ಇದ್ದೆ.

ಆರಕ್ಕೆ ಪಟ್ಟಿ ಖಾಲಿಯಾಯಿತು. ಕಾರಣದ ಜಾಗದಲ್ಲಿ 'ಯಂತ್ರದಿಂದ ಅಂಕಿ ಬಾರದೆ ಇರುವುದಿಲ್ಲ' ಎಂಬ ನನ್ನ ಮಾತು, ಕೆಳಗೆ ಅವಳ ಹೆಸರು. ಸೋಮವಾರ ಬೇರೆ ಕೆಲಸ ಕೊಟ್ಟೆ.

ಕೆಲವು ತಿಂಗಳ ಮೇಲೆ ಒಂದು ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟು ಅಂಕಿ ಬರಲಿಲ್ಲ. ಒಬ್ಬ ಅಜ್ಜಿಯ ವರದಿಯಲ್ಲಿ ಹಿಂದಿನ ರೋಗಿಯ ಸಕ್ಕರೆ ಅಂಕಿ ಅಚ್ಚಾಯಿತು. ಅದನ್ನು ನಂಬಿ ಇನ್ಸುಲಿನ್ ಕೊಟ್ಟರು. ಅಜ್ಜಿಗೆ ಎಚ್ಚರ ತಪ್ಪಿತು. ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿಕೊಂಡರು; ಅದು ಅವರ ಪುಣ್ಯ, ನನ್ನದಲ್ಲ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಹುಸಿ ಎಂದದ್ದು ಯಾರು? "ದಾಖಲೆಯಲ್ಲಿ ಹೆಸರಿದೆ," ಎಂದೆ. ಸುಳ್ಳಲ್ಲ. ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಅಚ್ಚುಕಟ್ಟಾದ ಮಾತು ಅದು.

ವನಜಾಳ ಕೆಲಸ ಹೋಯಿತು. ಹೋಗುವ ದಿನ ಲಿಫ್ಟಿನ ಬಳಿ ಸಿಕ್ಕಳು. ಅಳಲಿಲ್ಲ. "ಬೇರೆ ಕಡೆ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ಸಾಲು ಬರೆದು ಕೊಡಿ ಸರ್. ನಾನು ನಿಮಗೆ ಹೇಳಿದ್ದೆ ಅಂತ. ಅಷ್ಟೇ ಸಾಕು."

"ನೋಡುವ," ಎಂದೆ. ನೋಡಲಿಲ್ಲ. ನಾನು ಸಕಾಲಕ್ಕೆ ನಿವೃತ್ತನಾದೆ, ಶಾಲು ಹೊದಿಸಿದರು, ನನ್ನ ಶಿಸ್ತಿನ ಬಗ್ಗೆ ಭಾಷಣವಾಯಿತು. ಕೈತಟ್ಟಿದವರಲ್ಲಿ ನಾನೂ ಒಬ್ಬ.

ಆಮೇಲೊಮ್ಮೆ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಅವಳು ಎದುರಾದಳು. ತಂದೆಯ ಜೊತೆ ಸೇರಿ ಊಟದ ಡಬ್ಬಿ ಕಳಿಸುವ ಕೆಲಸ ಮಾಡುತ್ತಿದ್ದೇನೆ ಎಂದಳು. ನಾನು ಏನಾದರೂ ಹೇಳಬೇಕೆಂದು, "ಒಳ್ಳೆಯದೇ ಆಯ್ತಲ್ಲ," ಎಂದೆ.

"ಹೌದು ಸರ್. ಬಟ್ಟಲು ನಾನೇ ತೊಳೆಯುದು," ಎಂದು ನಡೆದುಬಿಟ್ಟಳು.

ಇವತ್ತು ಹತ್ತಕ್ಕೆ ಸೊಸೈಟಿಯ ಸೆಕ್ರೆಟರಿ ರಿಜಿಸ್ಟರ್ ಹಿಡಿದು ಬಂದ. "ಕಾಕಾ, ಇಥೆ ಸಹಿ ಕರಾ," ಎಂದು ಸಹಿಯ ಜಾಗಕ್ಕೆ ಬೆರಳಿಟ್ಟ. ನಾನು ಅಲಾರಮಿನ ಚೀಲ ತೋರಿಸಿದೆ. "ಅರೇ ಕಾಕಾ, ರೋಜ್ ಕಾ ಲಫಡಾ ಹೈ, ಛೋಡೋ ನಾ!" ದಿನದ ರಗಳೆ, ಬಿಟ್ಟುಬಿಡಿ ಎಂದು ನಕ್ಕ. ಸ್ಟೂಲ್ ತರಿಸಿ, ಹತ್ತಿ, ರಬ್ಬರ್ ಬ್ಯಾಂಡ್ ಕಿತ್ತು ಚೀಲ ತೆಗೆದೆ. ಎದುರುಮನೆಯಲ್ಲಿ ಮತ್ತೆ ಒಗ್ಗರಣೆ ಬಿದ್ದಿತ್ತು; ಅಲಾರಮ್ ಕಿರುಚತೊಡಗಿತು. ಬಾಗಿಲುಗಳು ತೆರೆದವು, ಬೈಗುಳ ಮೂರು ಭಾಷೆಗಳಲ್ಲಿ ಬಂತು. ರಿಜಿಸ್ಟರಿನಲ್ಲಿ 'ಮುಚ್ಚಿತ್ತು, ನೋಡದೆ ಸಹಿ ಹಾಕುತ್ತಿದ್ದೆ' ಎಂದು ಬರೆದೆ. ಇಲ್ಲಿ ಬರೆಯುವುದು ಸುಲಭ. ಇದರಿಂದ ಯಾರೂ ನನ್ನ ಶಾಲು ಕಿತ್ತುಕೊಳ್ಳುವುದಿಲ್ಲ.

ಅದಕ್ಕೇ ವನಜಾ ಕೇಳಿದ್ದ ಆ ಇನ್ನೊಂದು ಸಾಲನ್ನೂ ಬೇರೆ ಹಾಳೆಯಲ್ಲಿ ಬರೆದು, ನನ್ನ ಆಗಿನ ಹುದ್ದೆ, ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ. ನಾಳೆ ಕಳವಾಕ್ಕೆ ಹೋಗಿ ಕೊಟ್ಟು ಬರುತ್ತೇನೆ. ಅವಳಿಗೆ ಈಗ ಅದು ಬೇಡವಾಗಿರಬಹುದು, ನನ್ನೆದುರೇ ಹರಿದು ಹಾಕಬಹುದು. ನಿಮಗೂ ಓದಿಬಿಡುತ್ತೇನೆ: ವನಜಾ ನನಗೆ ಹೇಳಿದ್ದಳು. ಎರಡು ಸಲ.