ಅಕ್ಕನ ಕಿವಿಗೊಂದು ಉತ್ಸವ

ಯುಗಾದಿ ಕಳೆದು ರಾಮನವಮಿ ಹತ್ತಿರವಾಯಿತೆಂದರೆ ಇಟ್ಟಮಡುವಿನ ನಮ್ಮ ಮನೆಯ ಅಟ್ಟದಿಂದ ಎರಡು ಪುಟ್ಟ ದಿಂಬುಗಳು ಕೆಳಗಿಳಿಯುತ್ತವೆ. ಸಂಗೀತೋತ್ಸವದ ಪೆಂಡಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಂಜೆಯಿಡೀ ಕಳೆಯಬೇಕಾದ ಸೊಂಟಕ್ಕೆ ರಾಗಕ್ಕಿಂತ ಮೊದಲು ಬೇಕಾದದ್ದು ಇವೇ. ಅಕ್ಕನ ದಿಂಬು ಕೂತು ಕೂತು ಚಪ್ಪಟೆಯಾಗಿದೆ. ನನ್ನದರ ಹತ್ತಿ ಇನ್ನೂ ಉಬ್ಬಿಕೊಂಡೇ ಇದೆ.

ಏನು ಮಾಡಲಿ ಹೇಳಿ, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬನಶಂಕರಿಯಲ್ಲಿ ಪಿಟೀಲು ಕೇಳುವಾಗ ಜಯನಗರದಲ್ಲಿ ಈಗ ಯಾರು ಹಾಡುತ್ತಿರಬಹುದೆಂಬ ಯೋಚನೆ. ಆಟೋ ಹಿಡಿದು ಅಲ್ಲಿಗೆ ಓಡಿದರೆ, ಬಿಟ್ಟುಬಂದ ಪಿಟೀಲೇ ಚೆನ್ನಾಗಿತ್ತೇನೋ ಎಂಬ ಸಂಕಟ. ಡಿಸೆಂಬರಿನಲ್ಲಿ ಚೆನ್ನೈ, ಆಮೇಲೆ ಕಾವೇರಿ ದಂಡೆಯ ಆರಾಧನೆ ಎಂದು ಅಕ್ಕನನ್ನು ರೈಲು ಹತ್ತಿಸಿಕೊಂಡು ಹೋದ ಕಡೆಯಲ್ಲೆಲ್ಲ ಅವಳು ಮಂಗಳದವರೆಗೂ ಕದಲದೆ ಕೂತಳು. ನಾನು ಸಭಾಂಗಣಕ್ಕೂ ಕ್ಯಾಂಟೀನಿಗೂ ನಡುವೆ ಚಪ್ಪಲಿ ಸವೆಸಿದೆ. ಒಳ್ಳೆಯ ಉತ್ಸವ ಯಾವುದೆಂದು ಆಗ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ: ದೊಡ್ಡ ಹೆಸರು, ಒಳ್ಳೆಯ ಮೈಕು, ಬಿಸಿ ಬೋಂಡ.

ಈಚೆಗೆ ಅಕ್ಕನ ಕಿವಿ ಮಂದವಾಗುತ್ತ ಬಂದಿದೆ. ಮಿಷನ್ ಹಾಕಿಸಿದೆವು. ಮಾತಿಗೆ ಅದು ಸಾಕು. ಸಂಗೀತ ಮಾತ್ರ ಅದರೊಳಗೆ ಹೊಕ್ಕರೆ ನೆಲದ ಮೇಲೆ ತಗಡು ಎಳೆದ ಹಾಗೆ ಕೇಳುತ್ತದಂತೆ. ತೆಗೆದಿಟ್ಟರೆ ಗಾಯಕರ ಬಾಯಿ ಆಡುವುದು ಕಂಡೀತು, ಅಷ್ಟೇ. ಈ ವರ್ಷ ಅವಳು, ಇನ್ನು ಎಲ್ಲಿಗೂ ಬರುವುದಿಲ್ಲ, ನೀನೊಬ್ಬಳೇ ಹೋಗು ಎಂದುಬಿಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳಿಲ್ಲದೆ ನಾನು ಒಂದು ಕಛೇರಿಯನ್ನೂ ಕೇಳಿದವಳಲ್ಲ. ಎದ್ದು ಓಡಾಡುವವಳಿಗೂ ಮರಳಿ ಬರಲು ಪಕ್ಕದಲ್ಲಿ ಒಬ್ಬರು ಕೂತಿರಬೇಕು.

ಹಾಗಾಗಿ ಶುರುವಾಯಿತು ನೋಡಿ, ಅಕ್ಕನ ಕಿವಿಗೆ ಒಗ್ಗುವ ಉತ್ಸವದ ಹುಡುಕಾಟ. ಕಾಡಿ ಬೇಡಿ ಹೊರಡಿಸಿ ಹೊಸಕೆರೆಹಳ್ಳಿಯ ಪೆಂಡಾಲಿನಲ್ಲಿ ಸ್ಪೀಕರಿನ ಪಕ್ಕ ಕೂರಿಸಿದೆ. ಅವಳು ತಲೆ ಹಿಡಿದುಕೊಂಡಳು. ಜೆ.ಪಿ. ನಗರದಲ್ಲಿ ಹಿಂದಿನ ಸಾಲಿಗೆ ಕರೆದೊಯ್ದೆ. ಅಲ್ಲಿ ಅವಳು ಫ್ಯಾನು ನೋಡುತ್ತ ಕೂತಳು. ಕೊನೆಗೆ ಜಯನಗರದ ಒಂದು ಮನೆಯ ಮಹಡಿಯಲ್ಲಿ ಮೈಕಿಲ್ಲದೆ ನಡೆಯುವ ಉತ್ಸವವಿದೆಯೆಂದು ತಿಳಿದು, ಗೆದ್ದವಳಂತೆ ಎಳೆದುಕೊಂಡು ಹೋದೆ. ಗಾಯಕಿಯ ಎದುರಿಗೇ ಜಮಖಾನದ ಮೇಲೆ ಕೂತೆವು. ಅಕ್ಕ ಮಿಷನ್ ತೆಗೆದು ಪರ್ಸಿಗೆ ಹಾಕಿಕೊಂಡಳು. ಆಲಾಪನೆ ಮುಗಿದು ಕೀರ್ತನೆ ಶುರುವಾಯಿತು. ಅವಳ ಮುಖದಲ್ಲಿ ಏನೂ ಇಲ್ಲ. ಬೇರೆ ಕಡೆ ನೋಡೋಣವೆಂದು ಸನ್ನೆ ಮಾಡಿ ಏಳಹೋದೆ. ಅವಳು ಸೆರಗು ಹಿಡಿದು ಜಗ್ಗಿದಳು.

“ಎಲ್ಲಿಗ್ ಹೋದ್ರೂ ನನ್ ಕಿವಿ ಇದೇ ಕಣೇ. ಕೂತ್ಕೊ. ರಾಗ ಯಾವ್ದು ಹೇಳು, ನನ್ ಕೈ ಮೇಲೆ ತಾಳ ಹಾಕು.”

ಕಲ್ಯಾಣಿ ಎಂದು ಅವಳ ಕಿವಿಗೆ ಬಾಯಿಟ್ಟು ಹೇಳಿ, ಕೀರ್ತನೆಯ ಹೆಸರನ್ನೂ ಹೇಳಿದೆ. ಅವಳ ಅಂಗೈ ನನ್ನ ಮಡಿಲಿಗೆ ಬಂತು. ಅದರ ಮೇಲೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಒಂದೆರಡು ಆವರ್ತ ಕಳೆಯುವಷ್ಟರಲ್ಲಿ ಅಕ್ಕ ಕಣ್ಣು ಮುಚ್ಚಿದಳು, ತುಟಿಗಳು ಆಡತೊಡಗಿದವು. ಇಷ್ಟು ವರ್ಷ ಕದಲದೆ ಕೂತು ಕೇಳಿದ್ದೆಲ್ಲ ಅವಳೊಳಗೆ ಹಾಗೇ ಇತ್ತು. ಇಂದಿನ ಗಾಯಕಿ ಹಾಡಿನಲ್ಲಿ ಈಗ ಎಲ್ಲಿದ್ದಾಳೆ ಎಂದು ಗೊತ್ತಾದರೆ ಸಾಕಿತ್ತು.

ನನ್ನ ಕಾಲು ಜೋಮು ಹಿಡಿಯಿತು. ಪಕ್ಕದ ರಸ್ತೆಯ ಪೆಂಡಾಲಿನಿಂದ ನಾಗಸ್ವರ ತೇಲಿಬಂತು, ಅಲ್ಲಿ ಯಾರೆಂದು ನೋಡಿಬರಲು ಜೀವ ಚಡಪಡಿಸಿತು. ಕೈ ತೆಗೆದರೆ ಅಕ್ಕನ ಪಾಲಿನ ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಬೈದುಕೊಳ್ಳುತ್ತ, ಬೆವರುತ್ತ, ತಾಳ ತಪ್ಪದಂತೆ ಮಂಗಳದವರೆಗೂ ಕೂತೆ.

ಎಲ್ಲರೂ ಏಳತೊಡಗಿದರು. ಅಕ್ಕ ಕಣ್ಣು ಬಿಟ್ಟು, ನನ್ನ ಬೆರಳುಗಳನ್ನು ಬಿಡದೆಯೇ ಕೇಳಿದಳು:

“ನಾಳೆ ಯಾರ್ದು ಕಣೇ ಕಛೇರಿ?”