ಪ್ರಶ್ನಾವಳಿಯಲ್ಲಿ ಸುತ್ತಿದ ಬಳೆಗಳು

ಮೊನ್ನೆ ಕಪಾಟಿನ ತಳದಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಆರು ಹಸಿರು ಗಾಜಿನ ಬಳೆ. ಸುತ್ತಿದ ಕಾಗದ, ನಾನು ಮನೋವಿಜ್ಞಾನದಲ್ಲಿ ಎಂ.ಎ. ಓದುವಾಗ ಅಚ್ಚು ಹಾಕಿಸಿದ ಪ್ರಶ್ನಾವಳಿ. ಮೊದಲ ಪ್ರಶ್ನೆ: 'ನೀವು ನಿರೀಕ್ಷಿಸದೇ ಇದ್ದದ್ದು ನಡೆದರೆ ನಿಮಗೆ ಆಶ್ಚರ್ಯವಾಗುತ್ತದೆಯೇ?' ಓದಿ ಒಬ್ಬಳೇ ನಕ್ಕೆ. ಗಾಂಧಿ ಚೌಕದ ಹಿಂದಿನ ಓಣಿಯ ಬಳೆಯಂಗಡಿ ಚಾಚಿ ನೆನಪಾದರು...

ಆಗ ಪ್ರಬಂಧ ಒಪ್ಪಿಸಲು ಎರಡೇ ವಾರ ಉಳಿದಿತ್ತು. ಫೇಲಾದರೆ ಓದು ಸಾಕು, ನಮ್ಮೂರು ಟಿಕೋಟಾಕ್ಕೆ ಬಂದುಬಿಡು ಎಂದು ಅಪ್ಪ ಹೇಳಿಯಾಗಿತ್ತು. ನಾನೋ ಅಂಗಡಿ ಅಂಗಡಿ ಅಲೆದು ನೂರು ಜನರಿಂದ 'ಹೌದು' ಬರೆಸಿಕೊಂಡಿದ್ದೆ. ಒಬ್ಬರೂ 'ಇಲ್ಲ' ಎನ್ನಲಿಲ್ಲವೆಂದು ಹಿಗ್ಗು ಬೇರೆ!

ಚಾಚಿ ಗಿರಾಕಿಯ ಕೈ ಹಿಸುಕಿ ಬಳೆ ಏರಿಸುತ್ತಲೇ ಪ್ರಶ್ನೆ ಕೇಳಿಸಿಕೊಂಡರು.

"ಇದನ್ನ ಕೇಳಾಕ ಬಿಸಲಾಗ ತಿರಗಾಕತ್ತಿಯೇನ ಬೇಟಿ? ಅನಕೊಂಡಿದ್ದಿಲ್ಲ ಅಂದಮ್ಯಾಲ ಆಶ್ಚರ್ಯ ಆಗೇ ಆಗತೈತಿ. ಕೈಗಿಂತ ಬಳಿ ಸಣ್ಣದಿದ್ರ ಬಿಗಿ ಆಗತೈತಿ. ಅದಕ್ಕ ನೂರ ಮಂದೀನ ಕೇಳಬೇಕೇನ?"

ಸಿಟ್ಟು ಬಂತು. ಸುಳ್ಳೇಕೆ, ಅಳುವೂ ಬಂತು. 'ಆಶ್ಚರ್ಯ' ಎಂಬ ಶಬ್ದದ ಅರ್ಥದಲ್ಲೇ ಅಡಗಿದ್ದ ಉತ್ತರವನ್ನು ಸಂಶೋಧನೆ ಎಂದುಕೊಂಡು ತಿಂಗಳುಗಟ್ಟಲೆ ಚಪ್ಪಲಿ ಸವೆಸಿದ್ದೆ. ಚಾಚಿ ಚಹಾ ತರಿಸಿ ಪಕ್ಕದಲ್ಲಿ ಕೂರಿಸಿಕೊಂಡರು.

"ಯಾರ ಏನ ಅನಕೊಂಡಿದ್ರು, ಅದನ್ನ ಕೇಳು. ಅದು ಒಬ್ಬೊಬ್ಬರದು ಒಂದೊಂದು ಇರತೈತಿ. ಕೈ ಹಿಸಕಿ ನೋಡಬೇಕು."

ಅಷ್ಟೇ. ಅದೇ ಓಣಿಯಲ್ಲಿ ಕೂತು ಹೊಸದಾಗಿ ಕೇಳಿದೆ. ಜನ ಎಷ್ಟು ಮಾತಾಡಿದರೆಂದರೆ ಬರೆಯಲು ವಹಿ ಸಾಲಲಿಲ್ಲ. ಪಾಸಾದೆ. ಉಳಿದ ಪ್ರಶ್ನಾವಳಿಗಳನ್ನು ಚಾಚಿ ಬಳೆ ಕಟ್ಟಲು ಇಟ್ಟುಕೊಂಡರು. ಮೊದಲ ಪೊಟ್ಟಣ ನನಗೇ ಕೊಟ್ಟು, ಆಶ್ಚರ್ಯವಾಯಿತೇ ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತರ್ಕ ಎಲ್ಲಿ ಮುಗಿಯುತ್ತದೆ, ಮನುಷ್ಯರನ್ನು ಕೇಳುವುದು ಎಲ್ಲಿಂದ ಶುರುವಾಗಬೇಕು ಎಂದು ಈಗ ನಾನು ಕಾಲೇಜಿನಲ್ಲಿ ಪಾಠ ಮಾಡುವುದು ಆ ಬಳೆಗಳನ್ನು ನೆನೆದೇ.

ಚಾಚಿ ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ಬಂದ ದಿನವೇ ಹೋಗಿ ಮಣ್ಣಿಗೆ ಒಯ್ಯುವುದನ್ನು ಕಣ್ಣಾರೆ ಕಂಡವಳು ನಾನು. ಆದರೂ ನಿನ್ನೆ ಪೊಟ್ಟಣ ಹಿಡಿದು ಅಂಗಡಿಗೆ ಹೋದಾಗ, ಚಾಚಿ ಕೂರುತ್ತಿದ್ದ ಗಾದಿಯಿಂದ ಅವರ ಸೊಸೆ ತಲೆ ಎತ್ತಿದ್ದನ್ನು ನೋಡಿ ಬೆಚ್ಚಿದೆ.

"ಯಾಕ್ರೀ, ಗಾಬರಿ ಆದ್ರಿ?"

ಏನಿಲ್ಲವೆಂದು ಕೈ ಮುಂದೆ ಮಾಡಿದೆ. ಚಾಚಿಯ ತರ್ಕ ತಪ್ಪುವುದಿಲ್ಲ. ಬೆಚ್ಚಿದೆನೆಂದರೆ ಬೇರೇನನ್ನೋ ಅಂದುಕೊಂಡು ಹೋಗಿದ್ದೆನೆಂದೇ ಅರ್ಥ. ಅವರೇ ಕೂತಿರುತ್ತಾರೆ ಎಂದುಕೊಂಡಿದ್ದೆ.